ಕಾಂಕ್ರೀಟಿನ ಒಡಲಶಾಖಕ್ಕೆ ಉದ್ಯಮಬಾಗದ ಥರ್ಮೋಕಪಲ್: ಎರಡು ಅಡಿಪಾಯಗಳ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವುದೇ ಅಂಗಡಿಗೆ ಹೋಗಿ ಉಷ್ಣತೆ ಅಳೆಯುವ ಜೋಡಿತಂತಿಯಾದ ಥರ್ಮೋಕಪಲ್ ಕೇಳಿದರೂ ಮೊದಲು ಬರುವ ಮರುಪ್ರಶ್ನೆ ‘ಯಾವ ಫರ್ನೇಸಿಗೆ?’ ಎಂಬುದು. ಅಲ್ಲಿ ಈ ಸಾಮಾನನ್ನು ಕೊಳ್ಳುವವರು ಹೆಚ್ಚಾಗಿ ಫೌಂಡ್ರಿಯವರು, ಹೀಟ್ ಟ್ರೀಟ್‌ಮೆಂಟಿನವರು ಮತ್ತು ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ವಿಭಾಗದವರು. ಕಾಂಕ್ರೀಟಿನಲ್ಲಿ ಹೂಳುವುದಕ್ಕೆ ಬೇಕು ಎಂದು ನಾನು ಹೇಳಿದಾಗ ಗಲ್ಲೆಯ ಮೇಲಿದ್ದ ಯಜಮಾನರು ಒಮ್ಮೆ ಮುಖ ನೋಡಿ, ‘ಕಾಂಕ್ರೀಟ್ ಎಷ್ಟ್ ಕಾಯತೈತ್ರಿ ಸಾಹೇಬ್ರ, ನೂರ್ ಡಿಗ್ರೀನೂ ಆಗಂಗಿಲ್ಲ. ಅದಕ್ಯಾಕ ಇದು?’ ಎಂದರು. ಪ್ರಶ್ನೆ ತಪ್ಪಲ್ಲ. ಸಾವಿರ ಡಿಗ್ರಿಯ ಕುಲುಮೆಗೆ ಬಳಸುವ ಸಾಮಾನನ್ನು ಎಪ್ಪತ್ತು ಡಿಗ್ರಿಯ ಕಾಂಕ್ರೀಟಿಗೆ ತಂದರೆ ಅದು ತೋರಿಸುವ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು, ಕೊಟ್ಟ ಹಣಕ್ಕೆ ಅದು ತಕ್ಕದ್ದೇ ಎಂಬುದನ್ನು ವಿಜಯಪುರದ ಪಶ್ಚಿಮಕ್ಕೆ, ತಿಕೋಟಾ ಕಡೆಯ ನಮ್ಮ ಸೈಟಿನಲ್ಲಿ ಏಪ್ರಿಲ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು ಅಡಿಪಾಯ ಹಾಕಿ ಕಂಡುಕೊಂಡೆ. ಈ ಬರಹ ಆ ತಂತಿ, ಅದರ ಮೀಟರು ಮತ್ತು ಅದನ್ನು ಕೊಟ್ಟ ಅಂಗಡಿಯ ಸೇವೆಯ ಕುರಿತದ್ದು.

ಅಡಿಪಾಯಗಳು ಗಾಳಿಯಂತ್ರದ ಗೋಪುರಗಳದ್ದು. ಊರವರ ಬಾಯಲ್ಲಿ ಅದು ಬರೀ ‘ಫ್ಯಾನು’. ಸುಮಾರು 19 ಮೀಟರ್ ಅಗಲದ ದುಂಡು ತಳ, ಅಂಚಿನಲ್ಲಿ ಒಂದು ಮೀಟರ್ ದಪ್ಪ, ನಡುವೆ 2.6 ಮೀಟರ್, ಒಟ್ಟು 420 ಘನಮೀಟರ್ ಎಂ35 ದರ್ಜೆಯ ಕಾಂಕ್ರೀಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹಾಕಬೇಕು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ ಎಂಬುದು ಗೌಂಡಿಗಳಿಗೂ ಗೊತ್ತಿರುವ ಸಂಗತಿ. ಮನೆಯ ಸ್ಲ್ಯಾಬಿನಲ್ಲಿ ಆ ಶಾಖ ಹುಟ್ಟಿದ ಹಾಗೆಯೇ ಹೊರಗೆ ಹೋಗಿಬಿಡುವುದರಿಂದ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಎರಡೂವರೆ ಮೀಟರ್ ದಪ್ಪದ ಗಡ್ಡೆಯಲ್ಲಿ ಮಾತ್ರ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಘನಮೀಟರಿನಲ್ಲಿರುವ ಪ್ರತಿ 100 ಕೆಜಿ ಸಿಮೆಂಟಿಗೆ 10ರಿಂದ 12 ಡಿಗ್ರಿಯಷ್ಟು ಕಾವು ಏರುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೂ, 390 ಕೆಜಿಯ ನಮ್ಮ ಮಿಶ್ರಣದಲ್ಲಿ ಶಾಖ ತಗ್ಗಿಸುವ ಹಾರುಬೂದಿ ಶೇಕಡಾ 30ರಷ್ಟು ಇದ್ದಾಗ್ಯೂ, ಹಾಕುವಾಗಿನ ಉಷ್ಣತೆಯ ಮೇಲೆ 40 ಡಿಗ್ರಿಯ ಆಸುಪಾಸಿನ ಏರಿಕೆ ಖಚಿತವಾಗಿತ್ತು. ನಮ್ಮ ಸಲಹೆಗಾರರು ಅಮೆರಿಕನ್ ಕಾಂಕ್ರೀಟ್ ಸಂಸ್ಥೆಯ 301ನೇ ನಿರ್ದಿಷ್ಟತೆಯನ್ನು ಹಿಡಿದು ಎರಡು ಗೆರೆ ಎಳೆದಿದ್ದರು: ಒಳಗಿನ ಉಷ್ಣತೆ 70 ಡಿಗ್ರಿ ದಾಟಬಾರದು, ನಡುವಿಗೂ ಮೇಲ್ಮೈಗೂ 19 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಮೊದಲನೆಯದನ್ನು ಮೀರಿದರೆ, ಆಗಲೇ ರೂಪುಗೊಳ್ಳಬೇಕಾದ ಎಟ್ರಿಂಗೈಟ್ ಎಂಬ ಲವಣ ಎಷ್ಟೋ ಕಾಲದ ಮೇಲೆ ತೇವ ಸಿಕ್ಕಾಗ ಗಟ್ಟಿ ಕಾಂಕ್ರೀಟಿನೊಳಗೆ ಹುಟ್ಟಿ ಹಿಗ್ಗುವ ಅಪಾಯವಿದೆ. ಎರಡನೆಯದನ್ನು ಮೀರಿದರೆ ಒಳಗಿನ ಬಿಸಿ ಹಿಗ್ಗು ಹೊರಗಿನ ತಣ್ಣನೆಯ ಚಿಪ್ಪನ್ನು ಸೀಳುತ್ತದೆ, ಅದೂ ಮೊದಲ ವಾರದಲ್ಲೇ.

ನಾನು ಕೊಂಡದ್ದು ಕೆ ಬಗೆಯ ತಂತಿ, ಅಂದರೆ ಕ್ರೋಮೆಲ್ ಮತ್ತು ಅಲ್ಯೂಮೆಲ್ ಎಂಬ ಎರಡು ನಿಕ್ಕಲ್ ಮಿಶ್ರಲೋಹಗಳ ಜೋಡಿ. ಎರಡು ಬೇರೆ ಲೋಹಗಳ ತುದಿ ಬೆಸೆದು, ಬೆಸುಗೆಗೂ ಇನ್ನೊಂದು ಕೊನೆಗೂ ಉಷ್ಣತೆಯ ಅಂತರ ಬಂದರೆ ಅವುಗಳ ನಡುವೆ ಅತಿ ಸಣ್ಣ ವೋಲ್ಟೇಜು ಹುಟ್ಟುತ್ತದೆ ಎಂಬುದರ ಮೂಲ ಜರ್ಮನಿಯ ಸೀಬೆಕ್ 1821ರಲ್ಲಿ ಗುರುತಿಸಿದ ಪರಿಣಾಮ. ಕೆ ಬಗೆಯಲ್ಲಿ ಅದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅಂತರ ಎಂಬ ಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಥರ್ಮೋಕಪಲ್ ಅಳೆಯುವುದು ತುದಿಯ ಉಷ್ಣತೆಯನ್ನಲ್ಲ, ತುದಿಗೂ ಮೀಟರಿನ ಪಿನ್ನಿಗೂ ಇರುವ ವ್ಯತ್ಯಾಸವನ್ನು. ಮೀಟರು ತನ್ನ ಪಿನ್ನಿನ ಉಷ್ಣತೆಯನ್ನು ಬೇರೆಯಾಗಿ ಅಳೆದು ಅದಕ್ಕೆ ಕೂಡಿಸಿ ತೋರಿಸುತ್ತದೆ. ಈ ಒಂದು ಮಾತು ತಿಳಿಯದೆ ನಾವು ಏಪ್ರಿಲ್‌ನಲ್ಲಿ ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಏಳು ಜಾಗಗಳಿಗೆ ತಲಾ ಎರಡರಂತೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು, 12 ಮೀಟರಿನ 14 ತಂತಿಗಳು. ಮೀಟರಿಗೆ 70 ರೂಪಾಯಿ, ತುದಿ ಬೆಸೆದು ಕೊಡಲು ತಲಾ 40, ಒಟ್ಟು 12,320 ರೂಪಾಯಿ, ತೆರಿಗೆ ಬೇರೆ. ಇಪ್ಪತ್ತು ಲಕ್ಷ ದಾಟುವ ಕಾಂಕ್ರೀಟಿನ ಪಕ್ಕದಲ್ಲಿ ಇದು ಲೆಕ್ಕಕ್ಕೇ ಬಾರದ ಹಣ. ಹೂತ ತಂತಿ ಮರಳಿ ಸಿಗುವುದಿಲ್ಲವಾದ್ದರಿಂದ ಅಗ್ಗವಾಗಿರುವುದೇ ಅದರ ಮೊದಲ ಗುಣ.

ದೂರು ಇಲ್ಲಿಂದಲೇ ಆರಂಭ. ಮೊದಲ ಸಲ ಕೈಗೆ ಬಂದದ್ದು ಗಾಜಿನ ನೂಲಿನ ಹೊದಿಕೆಯ ತಂತಿ. ಕುಲುಮೆಯ ಗಿರಾಕಿಗಳಿಗೆ ಕೊಟ್ಟು ರೂಢಿಯಾದ ಕೈ, ಕೇಳದೆಯೇ ಅದನ್ನು ಕತ್ತರಿಸಿಕೊಟ್ಟಿತ್ತು. ಒಣ ಬಿಸಿಗೆ ಅದು ಒಳ್ಳೆಯ ಹೊದಿಕೆಯೇ, ಆದರೆ ಹಸಿ ಕಾಂಕ್ರೀಟಿನಲ್ಲಿ ಅದು ದೀಪದ ಬತ್ತಿಯಂತೆ ನೀರು ಹೀರುತ್ತದೆ. ಕ್ಷಾರದ ನೀರು ಎರಡು ತಂತಿಗಳ ನಡುವೆ ಸೇತುವೆ ಕಟ್ಟಿದರೆ ಮೈಕ್ರೋವೋಲ್ಟಿನ ಲೆಕ್ಕವೆಲ್ಲ ಏರುಪೇರಾಗುತ್ತದೆ. ಬಕೆಟ್ಟಿನಲ್ಲಿ ಸಿಮೆಂಟು ಕಲಸಿದ ನೀರು ತುಂಬಿ, ಒಂದು ತಂತಿಯನ್ನು ಮೂರು ಮೀಟರಿನಷ್ಟು ಅದರಲ್ಲಿ ಮುಳುಗಿಸಿ, ತುದಿಯನ್ನು ಮಾತ್ರ ಹೊರಗೆ ಕೈಯಲ್ಲಿ ಹಿಡಿದು ನೋಡಿದೆ. ಅಂಕಿ ನಿಂತಲ್ಲಿ ನಿಲ್ಲಲಿಲ್ಲ. ಹಿಂದಿರುಗಿಸಿದಾಗ ಅಂಗಡಿಯವರು ಮರುಮಾತಾಡದೆ ಟೆಫ್ಲಾನ್ ಹೊದಿಕೆಯ ತಂತಿ ಕೊಟ್ಟರು, ಬೆಲೆಯ ವ್ಯತ್ಯಾಸ ಮಾತ್ರ ಹಿಡಿದುಕೊಂಡರು. ಪಿವಿಸಿ ಹೊದಿಕೆಯೂ ನಡೆಯುತ್ತದೆ. ಕೊಳ್ಳುವವರು ಬಾಯಿಬಿಟ್ಟು ಕೇಳಬೇಕು, ಅಷ್ಟೆ.

ತಂತಿಯೊಡನೆ ಬಂದ ಪರೀಕ್ಷಾ ಪತ್ರದ ಮೇಲೆ ನನಗೆ ಹೆಚ್ಚು ಭರವಸೆ ಬರಲಿಲ್ಲ, ಏಕೆಂದರೆ 14 ತಂತಿಗಳಿಗೂ ದಶಮಾಂಶದವರೆಗೆ ಒಂದೇ ಅಂಕಿ ಇತ್ತು. ಹಾಗಾಗಿ ನಾವೇ ಪರೀಕ್ಷಿಸಿದೆವು. ಸ್ಟೇಶನ್ ರಸ್ತೆಯ ಕಬ್ಬಿನ ಹಾಲಿನ ಗಾಡಿಯಿಂದ ಬರ್ಫ ತಂದು, ಪುಡಿ ಮಾಡಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಹತ್ತು ನಿಮಿಷ ಬಿಟ್ಟು ತುದಿಗಳನ್ನು ಇಳಿಬಿಟ್ಟೆವು. ಮೀಟರು 0.4 ತೋರಿಸಿತು. ಬಳಿಕ ಕುದಿಯುವ ನೀರಿಗೆ ಹಾಕಿದಾಗ 99.3. ನಮ್ಮ ಕಿರಿಯ ಎಂಜಿನಿಯರ್ ‘0.7 ಕಡಿಮೆ’ ಎಂದು ಬರೆಯಹೊರಟಿದ್ದರು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು 98ಕ್ಕೆ, ಬೆಳಗಾವಿಯಲ್ಲಿ ಇನ್ನೂ ಅರ್ಧ ಡಿಗ್ರಿ ಕೆಳಗೆ. ಎಂದರೆ ಮೀಟರು ಕಡಿಮೆಯಲ್ಲ, 1.3ರಷ್ಟು ಹೆಚ್ಚು ತೋರಿಸುತ್ತಿತ್ತು. ಈ ಚಿಕ್ಕ ತಿದ್ದುಪಡಿ ಮುಂದೆ ದೊಡ್ಡ ಜಗಳವೊಂದನ್ನು ಬಗೆಹರಿಸಿತು.

ಜೋಡಿಸುವ ಕೆಲಸ ಕಷ್ಟದ್ದಲ್ಲ, ನಾಜೂಕಿನದು. ತಂತಿಯನ್ನು ಅಡಿಪಾಯದ ಸರಳಿಗೇ ಕಟ್ಟದೆ, 10 ಮಿಲಿಮೀಟರಿನ ಬೇರೆ ಸರಳೊಂದನ್ನು ನಟ್ಟನಡುವೆ ನಿಲ್ಲಿಸಿ, ತಳದಲ್ಲಿ, ಮಧ್ಯದಲ್ಲಿ ಮತ್ತು ಮೇಲ್ಮೈಯಿಂದ 50 ಮಿಲಿಮೀಟರ್ ಕೆಳಗೆ ತುದಿಗಳನ್ನು ಕಟ್ಟಿದೆವು. ಬೆಸೆದ ತುದಿ ಕಬ್ಬಿಣಕ್ಕೆ ತಾಗಬಾರದು, ಅದಕ್ಕಾಗಿ ಪ್ರತಿ ತುದಿಗೂ ಅಂಟು ತುಂಬಿದ ಪ್ಲಾಸ್ಟಿಕ್ ತೋಳು ಹಾಕಿಸಿದೆವು. ತಂತಿ ಸರಳಿನ ಕೆಳಮಗ್ಗುಲಲ್ಲೇ ಸಾಗಬೇಕು. ಮೇಲಿದ್ದರೆ ಪಂಪಿನಿಂದ ಬೀಳುವ ಖಡಿಯ ಪೆಟ್ಟಿಗೆ ಸಿಗುತ್ತದೆ. ಬೈಂಡಿಂಗ್ ತಂತಿಯಿಂದ ಬಿಗಿದರೆ ಹೊದಿಕೆ ಕೊಯ್ದುಹೋಗುವುದರಿಂದ ಪ್ಲಾಸ್ಟಿಕ್ ಟ್ಯಾಗನ್ನೇ ಬಳಸಬೇಕು. ಇಷ್ಟು ಮಾಡಿಯೂ ಮೊದಲ ಅಡಿಪಾಯದಲ್ಲಿ ಮೂರು ತಂತಿಗಳು ವೈಬ್ರೇಟರಿನ ನೀಡಲಿಗೆ ಬಲಿಯಾದವು. ಜೋಡಿಯಾಗಿ ಹಾಕಿದ್ದು ಆಗ ಕೈಹಿಡಿಯಿತು.

ಏಪ್ರಿಲ್‌ನ ಕಾಂಕ್ರೀಟನ್ನು ರಾತ್ರಿ ಎಂಟಕ್ಕೆ ಆರಂಭಿಸಿ ನಸುಕಿನ ಐದಕ್ಕೆ ಮುಗಿಸಿದೆವು. ಹಾಕುವಾಗಿನ ಉಷ್ಣತೆ 40 ಡಿಗ್ರಿಯ ಒಳಗಿರಬೇಕೆಂದು ಭಾರತೀಯ ಮಾನಕ ಐಎಸ್ 7861 ಹೇಳುತ್ತದೆ; ಪ್ಲ್ಯಾಂಟಿನಲ್ಲಿ ಬರ್ಫ ಬಳಸಿದ್ದರಿಂದ ನಮ್ಮದು 33ಕ್ಕೆ ನಿಂತಿತ್ತು. ಬೆಳಿಗ್ಗೆ ಆರಕ್ಕೆ ನಡುವಿನ ತುದಿ 48 ತೋರಿಸಿದಾಗ ಎಲ್ಲರೂ ಸಮಾಧಾನದಿಂದ ಮಲಗಲು ಹೋದೆವು. ಮಧ್ಯಾಹ್ನ ಮೂರಕ್ಕೆ ಅದೇ ತುದಿ 24 ಎಂದಿತು! ಸುಡುಬಿಸಿಲಿನಲ್ಲಿ, 33 ಡಿಗ್ರಿಗೆ ಹಾಕಿದ ಕಾಂಕ್ರೀಟು 24ಕ್ಕೆ ಇಳಿಯುವುದೆಂದರೇನು? ಗುತ್ತಿಗೆದಾರರಿಗೆ ಸಿಮೆಂಟಿನ ಮೇಲೆ ಅನುಮಾನ, ಪ್ಲ್ಯಾಂಟಿನವರಿಗೆ ಥರ್ಮೋಕಪಲ್ ಮೇಲೆ ಅನುಮಾನ, ನನಗೆ ಎರಡರ ಮೇಲೂ. ರಾತ್ರಿ ಎರಡಕ್ಕೆ ನೋಡಿದರೆ 63. ಹಗಲು ತಣ್ಣಗಾಗಿ ಇರುಳು ಕಾಯುವ ಕಾಂಕ್ರೀಟನ್ನು ಯಾರೂ ಕಂಡಿಲ್ಲ, ಅದರಲ್ಲೂ ಒಂದೂಕಾಲು ಮೀಟರ್ ಆಳದಲ್ಲಿ, ಹೊರಗಿನ ಹಗಲು ರಾತ್ರಿಗಳ ಸುಳಿವೇ ತಲುಪದ ಜಾಗದಲ್ಲಿ.

ಆ ನಸುಕಿನಲ್ಲಿ ಟಾರ್ಚ್ ಹಿಡಿದು ತಂತಿಯ ಗುಂಟ ನಡೆದುಕೊಂಡು ಹೋದಾಗ ಗುಟ್ಟು ರಟ್ಟಾಯಿತು. 12 ಮೀಟರಿನ ತಂತಿ ಆಫೀಸಿನ ಕಂಟೇನರಿಗೆ ಮುಟ್ಟದ ಕಾರಣ ನಮ್ಮ ವೈರಮನ್ ಮನೆಗೆ ಹಾಕುವ ಸಾದಾ ತಾಮ್ರದ ವೈರನ್ನು ಸೇರಿಸಿ, ಗಂಟನ್ನು ಕರಿಯ ಟೇಪಿನಲ್ಲಿ ಸುತ್ತಿ ಶಟರಿಂಗ್ ಪ್ಲೇಟಿನ ಮೇಲೆ ಇಟ್ಟಿದ್ದ. ವೈರಮನ್ನಿನ ದೃಷ್ಟಿಯಲ್ಲಿ ಅದು ಅಚ್ಚುಕಟ್ಟಾದ ಜೋಡಣೆ. ಆದರೆ ಆ ಗಂಟಿನಿಂದಾಚೆ ಎರಡೂ ಎಳೆ ತಾಮ್ರವೇ ಆದದ್ದರಿಂದ ಥರ್ಮೋಕಪಲ್ ಅಲ್ಲಿಗೇ ಮುಗಿದಿತ್ತು. ಅದು ಅಳೆಯುತ್ತಿದ್ದುದು ಕಾಂಕ್ರೀಟಿಗೂ ಗಂಟಿಗೂ ಇರುವ ಅಂತರವನ್ನು, ಮೀಟರು ಕೂಡಿಸುತ್ತಿದ್ದುದು ಮಾತ್ರ ಕೂಲರಿನ ಮುಂದಿದ್ದ ತನ್ನ ಪಿನ್ನಿನ 30 ಡಿಗ್ರಿಯನ್ನು. ಮರುದಿನ ಅದೇ ಪ್ಲೇಟಿನ ಮೇಲೆ ಮಧ್ಯಾಹ್ನ ಇನ್ನೊಂದು ತುದಿ ಇಟ್ಟು ನೋಡಿದರೆ 58 ಡಿಗ್ರಿ. ಎಂದರೆ 28 ಡಿಗ್ರಿ ಅಲ್ಲೇ ಕಳೆದುಹೋಗಿತ್ತು: 24 ಎಂದು ತೋರಿದ್ದು ನಿಜವಾಗಿ 52. ರಾತ್ರಿ ಗಂಟು ಆಫೀಸಿಗಿಂತ ಮೂರು ಡಿಗ್ರಿ ತಣ್ಣಗಿದ್ದಾಗ ಮೀಟರು ಮೂರು ಹೆಚ್ಚು ಹೇಳುತ್ತಿತ್ತು. ತಾಮ್ರವನ್ನೆಲ್ಲ ಕಿತ್ತು, ಮೀಟರನ್ನೇ ಅಡಿಪಾಯದ ಬಳಿಗೆ ತಂದು, ಅದರ ಮೇಲೆ ತಗಡಿನ ನೆರಳು ಮಾಡಿದೆವು. ಉದ್ದ ಬೇಕಿದ್ದರೆ ಅದೇ ಕೆ ಬಗೆಯ ಜೋಡುವೈರನ್ನೇ ಕೊಳ್ಳಬೇಕು ಎಂಬ ಒಂದು ಸಾಲನ್ನು ಅಂಗಡಿಯವರು ಬಿಲ್ಲಿನ ಹಿಂದೆ ಬರೆದುಕೊಟ್ಟಿದ್ದರೆ ಎರಡು ದಿನದ ನಿದ್ದೆ ಉಳಿಯುತ್ತಿತ್ತು. ಕೇಳದಿದ್ದದ್ದು ನಮ್ಮ ತಪ್ಪು ಎಂಬುದನ್ನೂ ಒಪ್ಪುತ್ತೇನೆ.

ಬಣ್ಣದ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ನಮಗೆ ಸಿಕ್ಕ ತಂತಿ ಅಮೆರಿಕನ್ ಪದ್ಧತಿಯದು: ಹಳದಿ ಧನ, ಕೆಂಪು ಋಣ. ಕೆಂಪನ್ನು ಕಂಡ ಯಾವ ವೈರಮನ್ನೂ ಅದನ್ನು ಋಣಕ್ಕೆ ಹಾಕುವುದಿಲ್ಲ. ಅಂತರರಾಷ್ಟ್ರೀಯ ಪದ್ಧತಿಯ ಕೆ ತಂತಿಯಲ್ಲಿ ಹಸಿರು ಧನ, ಬಿಳಿ ಋಣ, ಅಲ್ಲಿ ಈ ಮೋಸವಿಲ್ಲ. ಚಪ್ಪಟೆ ಪಿನ್ನಿನ ಪ್ಲಗ್ಗನ್ನು ಅಂಗಡಿಯಲ್ಲೇ ಹಾಕಿಸಿಕೊಂಡರೆ, ಒಂದು ಪಿನ್ನು ಇನ್ನೊಂದಕ್ಕಿಂತ ಅಗಲವಿರುವುದರಿಂದ, ಮೀಟರಿಗೆ ಉಲ್ಟಾ ಚುಚ್ಚಲು ಬರುವುದಿಲ್ಲ.

ಐವತ್ತನೆಯ ಗಂಟೆಯ ಸುಮಾರಿಗೆ ಒಳಗಿನ ಉಷ್ಣತೆ ತುಟ್ಟತುದಿಗೆ ಏರಿ 71 ಎಂದಿತು. ಗೆರೆ 70. ಒಂದು ಡಿಗ್ರಿಗಾಗಿ ಕಾಗದಪತ್ರ ಶುರುವಾಗುವ ಲಕ್ಷಣ ಕಂಡಾಗ ಬರ್ಫ ಮತ್ತು ಕುದಿನೀರಿನ ನಮ್ಮ ಅಂಕಿಗಳನ್ನು ಸಲಹೆಗಾರರ ಮುಂದಿಟ್ಟೆವು; ಆ ಲೆಕ್ಕದಲ್ಲಿ 71ರ ಹತ್ತಿರ ಮೀಟರು ಒಂದು ಡಿಗ್ರಿ ಹೆಚ್ಚು ಹೇಳುತ್ತದೆ, ಆದ್ದರಿಂದ ನಿಜವಾದದ್ದು ಸರಿಯಾಗಿ ಗೆರೆಯ ಮೇಲೆ. ಅವರು ಒಪ್ಪಿದರು, ಮುಂದಿನ ಮಿಶ್ರಣದಲ್ಲಿ ಸಿಮೆಂಟು ಇಳಿಸಬೇಕು ಎಂದೂ ಬರೆದರು. ಈ ಸಾಮಾನಿನ ನಿಜವಾದ ಮಿತಿ ಇರುವುದು ಇಲ್ಲೇ. ಥರ್ಮೋಕಪಲ್‌ಗಳ ಅಂತರರಾಷ್ಟ್ರೀಯ ಮಾನಕ ಐಇಸಿ 60584ರಲ್ಲಿ ಎರಡನೇ ದರ್ಜೆಯ ಕೆ ತಂತಿಗೆ ಎರಡೂವರೆ ಡಿಗ್ರಿ ಆಚೀಚೆಯ ರಿಯಾಯಿತಿ ಇದೆ, ಮೊದಲ ದರ್ಜೆಗೆ ಒಂದೂವರೆ. ಸಾವಿರ ಡಿಗ್ರಿಯ ಕೆಲಸದವರಿಗೆ ಅದು ಏನೂ ಅಲ್ಲ, 70ರ ಗೆರೆಯ ಮೇಲೆ ನಡೆಯುವ ನಮಗೆ ಅದೇ ಎಲ್ಲ. ತಾಮ್ರ ಮತ್ತು ಕಾನ್‌ಸ್ಟಂಟನ್ ಎಂಬ ತಾಮ್ರ-ನಿಕ್ಕಲ್ ಮಿಶ್ರಲೋಹದ ಜೋಡಿಯಾದ ಟಿ ಬಗೆಯಲ್ಲಿ ಎರಡನೇ ದರ್ಜೆಗೇ ಒಂದು ಡಿಗ್ರಿ, ಮೊದಲ ದರ್ಜೆಗೆ ಅರ್ಧ. ಕಾಂಕ್ರೀಟಿಗೆ ಹೊಂದುವುದು ಅದೇ. ಕೆ ತಂತಿಯ ಪರವಾಗಿ ಒಂದು ಮಾತು ಹೇಳಬೇಕು: ಒಂದೇ ಸುರುಳಿಯಿಂದ ಕತ್ತರಿಸಿದ ತಂತಿಗಳೆಲ್ಲ ಹೆಚ್ಚುಕಡಿಮೆ ಒಂದೇ ತಪ್ಪನ್ನು ಹೊತ್ತಿರುತ್ತವೆ, ಹಾಗಾಗಿ ಎರಡು ತುದಿಗಳ ನಡುವಿನ ಅಂತರವನ್ನು ಒಂಟಿ ಅಂಕಿಗಿಂತ ಹೆಚ್ಚು ಧೈರ್ಯವಾಗಿ ನಂಬಬಹುದು.

ಆ ಅಂತರದ ಮಹತ್ವ ತಿಳಿದದ್ದು ಡಿಸೆಂಬರ್‌ನಲ್ಲಿ. ಬೇಸಿಗೆಯೇ ಕಾಂಕ್ರೀಟಿನ ಶತ್ರು ಎಂದು ನಾವೆಲ್ಲ ನಂಬಿರುತ್ತೇವೆ. ಚಳಿಗಾಲದಲ್ಲಿ 24 ಡಿಗ್ರಿಗೆ ಹಾಕಿದ ಕಾಂಕ್ರೀಟು ಒಳಗೆ 62ಕ್ಕಿಂತ ಮೇಲೆ ಹೋಗಲಿಲ್ಲ, ಆ ಮಟ್ಟಿಗೆ ಕ್ಷೇಮ. ಆದರೆ ಬಯಲಿನ ಗಾಳಿ, 14 ಡಿಗ್ರಿಯ ನಸುಕು. ಎರಡನೆಯ ರಾತ್ರಿ ಕಳೆದು ಬೆಳಿಗ್ಗೆ ಆರಕ್ಕೆ ಮೇಲಿನ ತುದಿ 39ರಲ್ಲಿತ್ತು. ಅಂತರ ಆಗಲೇ 23. ಅಷ್ಟರಲ್ಲಿ ಗೌಂಡಿ ಎದ್ದು, ದಿನದ ಕರ್ತವ್ಯವೆಂದು ಟ್ಯಾಂಕರಿನ ತಣ್ಣೀರನ್ನು ಗೋಣಿತಟ್ಟಿನ ಮೇಲೆ ಧಾರಾಳವಾಗಿ ಹೊಡೆದ. ಒಂದು ಗಂಟೆಯಲ್ಲಿ 39 ಇದ್ದದ್ದು 33ಕ್ಕೆ ಇಳಿಯಿತು. ನಿಲ್ಲಿಸು ಎಂದಾಗ ಅವನ ಉತ್ತರ ತರ್ಕಬದ್ಧವಾಗಿಯೇ ಇತ್ತು: ‘ಒಳಗ ಅಷ್ಟ್ ಕಾದೈತಿ ಅಂತೀರಿ, ನೀರ್ ಹೊಡಿಬ್ಯಾಡ ಅಂತೀರಿ. ಜ್ವರ ಬಂದವಗ ತಣ್ಣೀರ್ ಪಟ್ಟಿ ಹಾಕೂದಿಲ್ಲೇನ್ರಿ ಸಾಹೇಬ್ರ?’ ಉರಿಯುವ ಕಂದೀಲಿನ ಗಾಜಿಗೆ ನೀರು ಸಿಡಿದರೆ ಏನಾಗುತ್ತದೆ ಎಂದು ಕೇಳಿದೆ. ಅವನು ಪೈಪು ಕೆಳಗಿಟ್ಟ. ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 50 ಮಿಲಿಮೀಟರಿನ ಥರ್ಮಾಕೋಲ್, ಗಾಳಿಗೆ ಹಾರದಂತೆ ತಾಡಪತ್ರಿ ಹೊದಿಸಿದೆವು. ಮರುದಿನ ಸಂಜೆಗೆ ಮೇಲಿನ ತುದಿ 45ಕ್ಕೆ ಏರಿ ಅಂತರ 17ಕ್ಕೆ ಬಂತು. ಬಿಸಿಯಾದದ್ದನ್ನು ಇನ್ನಷ್ಟು ಬೆಚ್ಚಗೆ ಹೊದಿಸುವುದು ಯಾರಿಗೂ ಸಹಜವಾಗಿ ತೋಚುವ ಕೆಲಸವಲ್ಲ. ಎರಡು ತುದಿಗಳ ಅಂಕಿ ಕಣ್ಣೆದುರಿಗೆ ಇಲ್ಲದಿದ್ದರೆ ನಾನೂ ನೀರನ್ನೇ ಹೊಡೆಸುತ್ತಿದ್ದೆನೇನೋ.

ಮೀಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಬಳಸಿದ ನಾಲ್ಕು ಚಾನಲಿನ ಕೈಮೀಟರು ಅಂಕಿಯನ್ನು ಉಳಿಸಿಡುವುದಿಲ್ಲ, ಗಂಟೆಗೊಮ್ಮೆ ಮನುಷ್ಯನೇ ಬರೆಯಬೇಕು. ನಮ್ಮ ವಾಚ್‌ಮನ್ನನ ವಹಿಯಲ್ಲಿ ರಾತ್ರಿ ಒಂದರಿಂದ ನಾಲ್ಕರವರೆಗಿನ ನಮೂದುಗಳು ಒಂದೇ ಓರೆಯಲ್ಲಿ, ಒಂದೇ ಶಾಯಿಯ ಗಾಢತೆಯಲ್ಲಿ, ಅರ್ಧರ್ಧ ಡಿಗ್ರಿ ಏರುತ್ತ ಹೋಗಿದ್ದನ್ನು ನೋಡಿದ ಮೇಲೆ ಡಿಸೆಂಬರ್‌ಗೆ ಎಂಟು ಚಾನಲಿನ ಲಾಗರನ್ನು ಅದೇ ಅಂಗಡಿಯಿಂದ ಕೊಂಡೆವು. ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತದೆ. ಅದರ ಚಾನಲುಗಳು ಒಂದರಿಂದೊಂದು ವಿದ್ಯುತ್ತಿನ ದೃಷ್ಟಿಯಿಂದ ಬೇರ್ಪಟ್ಟಿಲ್ಲ ಎಂಬುದು ಒಂದು ಕೊರತೆ: ಪಕ್ಕದಲ್ಲಿ ವೆಲ್ಡಿಂಗ್ ನಡೆದಾಗ, ತೋಳು ಹರಿದು ಸರಳಿಗೆ ತಾಗಿದ್ದ ಒಂದೇ ಒಂದು ತುದಿ ಎಂಟೂ ಸಾಲುಗಳನ್ನು ಕುಣಿಸಿತು. ಆ ತಂತಿಯನ್ನು ಕಿತ್ತ ಮೇಲೆ ಸರಿಹೋಯಿತು.

ಬೇರೆ ದಾರಿಗಳೂ ಇವೆ. ಬಂದೂಕಿನಂಥ ಇನ್ಫ್ರಾರೆಡ್ ಮೀಟರು ಮೇಲ್ಮೈಯನ್ನು ಮಾತ್ರ ನೋಡುತ್ತದೆ, ಇಲ್ಲಿ ನಿರುಪಯೋಗಿ. ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರು ಅರ್ಧ ಡಿಗ್ರಿಯ ನಿಖರತೆಯದು, ಅಗ್ಗವೂ ಹೌದು, ಆದರೆ ಅದನ್ನು ಓದಲು ಎಲೆಕ್ಟ್ರಾನಿಕ್ಸ್ ಬಲ್ಲ ಕೈ ಬೇಕು. ಅಣೆಕಟ್ಟಿನಂಥ ದೀರ್ಘಕಾಲದ ಕೆಲಸಕ್ಕೆ ರೋಧಕ ಬಗೆಯ ತಾಪಮಾಪಕಗಳೇ ಸರಿ, ಅವುಗಳ ಜೋಡಣೆಗೆ ಐಎಸ್ 6524 ಎಂಬ ಪ್ರತ್ಯೇಕ ಸಂಹಿತೆಯೇ ಇದೆ. ಹತ್ತು ದಿನದ ಕೆಲಸ ಮುಗಿಸಿ ಹೂತುಹೋಗಬೇಕಾದ ಜಾಗಕ್ಕೆ ಥರ್ಮೋಕಪಲ್ಲನ್ನೇ ನಾನು ಆರಿಸುತ್ತೇನೆ.

ಮೂರನೆಯ ಅಡಿಪಾಯಕ್ಕೆ ಟಿ ಬಗೆಯ ತಂತಿಯನ್ನು ಹೇಳಿಟ್ಟಿದ್ದೇನೆ. ಅದನ್ನು ಅಂಗಡಿಯವರು ದಾಸ್ತಾನು ಇಡುವುದಿಲ್ಲ. 100 ಮೀಟರಿನ ಪೂರ್ತಿ ಸುರುಳಿಯನ್ನೇ ಕೊಳ್ಳಬೇಕು, ಮುಂಗಡ ಕೊಟ್ಟ ಮೇಲೆ ಹತ್ತು ದಿನ ಕಾಯಬೇಕು. ಒಂದೇ ಅಡಿಪಾಯದ ಕೆಲಸವಿರುವವರು ಕೆ ತಂತಿಯನ್ನೇ ಟೆಫ್ಲಾನ್ ಹೊದಿಕೆಯಲ್ಲಿ ಕೇಳಿ, ಮೀಟರು ಇಡುವ ಜಾಗವನ್ನು ಮೊದಲೇ ಅಳೆದು, ಅದಕ್ಕಿಂತ ಮೂರು ಮೀಟರ್ ಹೆಚ್ಚು ಕತ್ತರಿಸಿಕೊಂಡು ಬರುವುದು ಒಳ್ಳೆಯದು.